ವಿಶ್ವಕೋಶದಲ್ಲಿ ಮಾದೇಶ್ವರ ಗಾಯಕನ ಸ್ಥಾನ

ಹೆಚ್ಚು ಪ್ರಸಿದ್ಧನಲ್ಲದ ಕಲಾವಿದನೊಬ್ಬನಿಗೆ ವಿಶ್ವಕೋಶದಲ್ಲಿ ಪ್ರತ್ಯೇಕ ಲೇಖನ ಸಲ್ಲಬೇಕೆ, ಸಲ್ಲುವುದಾದರೆ ಯಾವ ಆಧಾರದ ಮೇಲೆ ಎಂಬುದು ಈಚೆಗೆ ನಮ್ಮ ಕಾಲೇಜುಗಳಲ್ಲಿಯೂ ಕೇಳಿಬರುತ್ತಿರುವ ಪ್ರಶ್ನೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲನೆಯ ಸಂಪುಟ 1969ರಲ್ಲಿಯೂ ಹದಿನಾಲ್ಕನೆಯದು 2004ರಲ್ಲಿಯೂ ಹೊರಬಂದವು. ಅಲ್ಲಿ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಸಂಪಾದಕರು ನಿಶ್ಚಯಿಸುತ್ತಿದ್ದರು. ಪುಟಗಳ ಮಿತಿಯೂ ಅವರಿಗೆ ನೆರವಾಗುತ್ತಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಪುಟದ ಮಿತಿಯಿಲ್ಲ, ನೇಮಿತ ಸಂಪಾದಕ ಮಂಡಲಿಯೂ ಇಲ್ಲ. ಆದುದರಿಂದ ನಿರ್ಣಯದ ಭಾರ ಬರೆಯುವವರ ಮೇಲೆಯೇ ಬಿದ್ದಿದೆ. ಅವರಿಗೆ ಒಂದು ಸೂತ್ರವುಂಟು: ವ್ಯಕ್ತಿಯನ್ನು ಕುರಿತು, ಅವನಿಗೆ ಸಂಬಂಧಪಡದವರು, ವಿಶ್ವಾಸಾರ್ಹವಾದ ಪ್ರಕಟಿತ ಗ್ರಂಥಗಳಲ್ಲಿ ತಕ್ಕಷ್ಟು ವಿಸ್ತಾರವಾಗಿ ಪ್ರಸ್ತಾಪಿಸಿರಬೇಕು. ಸೂತ್ರ ನಿರ್ದುಷ್ಟವಾಗಿಯೇ ಕಾಣುತ್ತದೆ. ಆದರೆ ಕೊಳ್ಳೇಗಾಲ, ಹನೂರು ಸೀಮೆಗೆ ಅದನ್ನು ಅನ್ವಯಿಸಿ ನೋಡಿದಾಗ ಏಳುವ ತೊಡಕುಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಲಿಖಿತ ಉಲ್ಲೇಖವೆಂಬುದು ಎಲ್ಲ ನೆಲಕ್ಕೂ ಸಮನಾಗಿ ದೊರೆತದ್ದಲ್ಲ. ಇಂದು ಲೊಕ್ಕನಹಳ್ಳಿ ಹನೂರು ತಾಲ್ಲೂಕಿನ ಒಂದು ಹೋಬಳಿ. ಹನೂರನ್ನೂ ಒಳಗೊಂಡಿದ್ದ ಹಿಂದಿನ ಕೊಳ್ಳೇಗಾಲ ತಾಲ್ಲೂಕು 1799ರ ತರುವಾಯ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿಹೋಗಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಇದರ ಪರಿಣಾಮವನ್ನು ತಿಳಿಯಲು ಒಂದೇ ನಿದರ್ಶನ ಸಾಕು. ಬಿ. ಎಲ್. ರೈಸ್ ಅವರು 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಮೈಸೂರಿಗೆ ಸೇರಿದ್ದ ಯಳಂದೂರಿನ ಶಾಸನಗಳಿವೆ; ಅದಕ್ಕೆ ತಾಗಿಕೊಂಡೇ ಇರುವ ಕೊಳ್ಳೇಗಾಲದವು ಇಲ್ಲ. ಅವು ಸೇರಿದ್ದು ಏಕೀಕರಣದ ಅನಂತರದ ಪರಿಷ್ಕೃತ ಆವೃತ್ತಿಯಲ್ಲಿ. ಸಿ. ಹಯವದನರಾಯರ ಮೈಸೂರು ಗೆಜೆಟಿಯರಿನ ವ್ಯಾಪ್ತಿಗೂ ಈ ತಾಲ್ಲೂಕು ಹೊರಗಾಗಿತ್ತು. ಕಲ್ಲಿನ ಮೇಲೆ ಕೊರೆದ ಕನ್ನಡಕ್ಕೇ ಹೀಗಾದ ಮೇಲೆ ಬಾಯಲ್ಲಿದ್ದ ಕನ್ನಡವನ್ನು ಬರೆದಿಟ್ಟವರು ಯಾರು? ಈ ಸೀಮೆಯ ಕಲಾವಿದನನ್ನು ಕುರಿತು ಹಳೆಯ ಗ್ರಂಥಗಳು ಮೌನವಾಗಿದ್ದರೆ ಆ ಮೌನಕ್ಕೆ ಅವನ ಅಲ್ಪತೆಯೇ ಕಾರಣವೆಂದು ಹೇಳುವಂತಿಲ್ಲ.

ಈಗ ಇಬ್ಬರು ಕಲಾವಿದರನ್ನು ಎದುರುಬದುರಿಗಿಟ್ಟು ನೋಡೋಣ. ಮೊದಲನೆಯವರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ನಟರು, 1951ರಲ್ಲಿ ತೀರಿಕೊಂಡರು. ಅವರ ಹೆಸರು ಇಂದು ಮನೆಮಾತಾಗಿರುವುದು ಅವರ ಮಗ ಮುತ್ತುರಾಜ 1954ರ 'ಬೇಡರ ಕಣ್ಣಪ್ಪ'ದಿಂದ ಮುಂದಕ್ಕೆ ರಾಜಕುಮಾರರಾದುದರಿಂದ. ಮಗನ ಜೀವನಚರಿತ್ರೆ ಬರೆದವರೆಲ್ಲರೂ ತಂದೆಯನ್ನು ಸ್ಮರಿಸಿದ್ದಾರೆ. ಉಲ್ಲೇಖಗಳನ್ನು ಬರಿಯ ಸಂಖ್ಯೆಯಿಂದ ಎಣಿಸುವುದಾದರೆ ಪುಟ್ಟಸ್ವಾಮಯ್ಯನವರು ಸುಲಭವಾಗಿ ಗೆಲ್ಲುತ್ತಾರೆ. ಆದರೆ ಖ್ಯಾತಿಯು ಬಂಧುತ್ವದಿಂದ ಸಂಕ್ರಮಿಸುವುದಿಲ್ಲವೆಂಬುದು ವಿಕಿಪೀಡಿಯದವರು ಒಪ್ಪಿಕೊಂಡಿರುವ ಮಾತು. (ಇಲ್ಲಿ ಅದು ಮಗನಿಂದ ತಂದೆಗೆ ಹಿಂದಕ್ಕೆ ಹರಿದಿದೆ, ಪಿತ್ರಾರ್ಜಿತಕ್ಕೆ ವಿರುದ್ಧವಾದ ಇದನ್ನು ಏನೆಂದು ಕರೆಯಬೇಕೋ ಧರ್ಮಶಾಸ್ತ್ರಜ್ಞರೇ ಹೇಳಬೇಕು.) ಅವರ ನಟನೆಯನ್ನೇ ಕುರಿತು, ಮಗನನ್ನು ಬದಿಗಿಟ್ಟು, ಕಂಪನಿ ನಾಟಕಗಳ ಇತಿಹಾಸದಿಂದ ಎಷ್ಟು ಬರೆಯಬಹುದೋ ಅಷ್ಟರಿಂದ ಮಾತ್ರ ಅವರ ಅರ್ಹತೆಯನ್ನು ತೂಗಬೇಕು. ಅಲ್ಲಿಯವರೆಗೆ ರಾಜಕುಮಾರರ ಲೇಖನದಲ್ಲಿಯೇ ಅವರಿಗೊಂದು ಭಾಗವಿರುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಎರಡನೆಯವರು ಹೆಬ್ಬಣಿ ಮಾದಯ್ಯನವರು. ಹನೂರು ತಾಲ್ಲೂಕಿನ ಮಲೆಗಳ ಒಡೆಯನಾದ ಮಾದೇಶ್ವರನ ಕಥೆಯನ್ನು ಕಂಸಾಳೆಯ ತಾಳಕ್ಕೆ ಹಾಡುವ ದೇವರಗುಡ್ಡರ ಪರಂಪರೆ ದಕ್ಷಿಣ ಕರ್ನಾಟಕದಲ್ಲಿ ಸುಪರಿಚಿತ. ಶ್ರವಣ ದೊರೆಯ ಸಂಹಾರ, ಆಲಂಬಾಡಿ ಜುಂಜೇಗೌಡನ ಭಕ್ತಿ, ಗಂಡನ ಸಂಶಯಕ್ಕೆ ತುತ್ತಾದ ಸೋಲಿಗರ ಸಂಕಮ್ಮನ ಸಂಕಟ, ಹೀಗೆ 'ಸಾಲು'ಗಳಾಗಿ ಹಬ್ಬಿದ ಈ ಕಾವ್ಯವನ್ನು ಮಾದಯ್ಯನವರೂ ಅವರ ತಂಡದವರೂ ಹಾಡಿದರು, ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದರು; ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾದೆಮಿ 2001ರಲ್ಲಿ ಹೊರತಂದಿತು. ಗಾಯಕನ ಹೆಸರು ಗ್ರಂಥದೊಡನೆಯೇ ಕನ್ನಡನಾಡಿನ ಎಲ್ಲೆಯನ್ನು ದಾಟಿತು.

ಇಷ್ಟಿದ್ದೂ ಇವರ ಅರ್ಹತೆಗೆ ಎರಡು ಆಕ್ಷೇಪಗಳು ಬರಬಹುದು. ಮಾದಯ್ಯನವರು ಕೇವಲ 'ವಕ್ತೃ', ಕಾವ್ಯ ಪರಂಪರೆಯದು, ಗ್ರಂಥ ಸಂಪಾದಕರದು. ಆದುದರಿಂದ ಕಾವ್ಯವನ್ನು ಕುರಿತ ಲೇಖನವೊಂದಿದ್ದರೆ ಸಾಕು ಎಂಬುದು ಮೊದಲನೆಯದು. ಗ್ರಂಥಾಲಯದ ಸೂಚಿಗಳಲ್ಲಿ ಜನಪದ ಕಾವ್ಯಗಳು ಸಾಮಾನ್ಯವಾಗಿ ಸಂಪಾದಕರ ಹೆಸರಿನಲ್ಲಿಯೇ ಇರುವುದೂ ಈ ಭಾವನೆಯಿಂದಲೇ. ಆದರೆ ಪಿ. ಕೆ. ರಾಜಶೇಖರ ಅವರು 1973ರಲ್ಲಿ ಪ್ರಕಟಿಸಿದ ಮಾದೇಶ್ವರ ಕಾವ್ಯವೂ ಇದೆ. ದೇವರೊಬ್ಬನೇ, ಕಥೆಯ ಎಳೆಯೂ ಒಂದೇ, ಪಠ್ಯಗಳು ಎರಡು. ಯಾವ ಸಾಲನ್ನು ಹಿಗ್ಗಿಸಬೇಕು, ಎಲ್ಲಿ ಸೊಲ್ಲನ್ನು ಮರುಕಳಿಸಿ ಹಿಮ್ಮೇಳಕ್ಕೆ ಬಿಡಬೇಕು, ಎಲ್ಲಿ ಹಾಡನ್ನು ನಿಲ್ಲಿಸಿ ವಚನಕ್ಕೆ ಇಳಿಯಬೇಕು ಎಂಬುದನ್ನು ಹಾಡುವ ಹೊತ್ತಿನಲ್ಲಿ ನಿರ್ಧರಿಸುವವನು ಮುಖ್ಯ ಗಾಯಕನೇ. ಅವನನ್ನು ಕೇವಲ ವಾಹಕನೆಂದರೆ ಗಮಕಿಗೂ ಅವನಿಗೂ ಭೇದವೇ ಇಲ್ಲವೆಂದಂತಾಗುತ್ತದೆ; ಗಮಕಿಯ ಮುಂದೆ ಓಲೆಯಿರುತ್ತದೆ, ಇವನ ಮುಂದೆ ಏನೂ ಇರುವುದಿಲ್ಲ.

ಎರಡನೆಯ ಆಕ್ಷೇಪ ಗುರುತರವಾದುದು. ಪ್ರಕಟಿತವಾಗಿರುವುದು ಕೃತಿ, ಜೀವನವಲ್ಲ. ಜೀವನದ ವಿವರಗಳಿಲ್ಲದೆ ವ್ಯಕ್ತಿಯ ಲೇಖನ ಹೇಗೆ? ಇದಕ್ಕೆ ಉತ್ತರ ನಮ್ಮ ಸಾಹಿತ್ಯ ಚರಿತ್ರೆಯಲ್ಲಿಯೇ ಇದೆ. ಆರ್. ನರಸಿಂಹಾಚಾರ್ಯರು 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ 'ಕರ್ಣಾಟಕ ಕವಿಚರಿತೆ'ಯನ್ನು ತಿರುವಿಹಾಕಿದವರಿಗೆ, ಹೆಸರೂ ಒಂದು ಗ್ರಂಥವೂ ಹೊರತು ಮತ್ತೇನೂ ದೊರೆಯದ ಕವಿಗಳು ಎಷ್ಟು ಮಂದಿ ಎಂಬುದು ತಿಳಿದೇ ಇದೆ. 'ಸುಮಾರು' ಎಂಬುದರ ಮುಂದೆ ಒಂದು ಇಸವಿ. ಅಲ್ಲಿಗೆ ಜೀವನಚರಿತ್ರೆ ಮುಗಿಯಿತು. ಕವಿರಾಜಮಾರ್ಗದಲ್ಲಿ ಹೆಸರು ಬಂದಿರುವುದೊಂದೇ ಆಧಾರದ ಮೇಲೆ ನಾಗಾರ್ಜುನ, ಜಯಬಂಧು ಮುಂತಾದವರಿಗೆ ನಾವು ಸಾಹಿತ್ಯ ಚರಿತ್ರೆಯಲ್ಲಿ ಸ್ಥಾನ ಕೊಟ್ಟಿದ್ದೇವೆ. ಅವರ ಒಂದು ಕೃತಿಯೂ ಉಳಿದಿಲ್ಲ. ಕೃತಿಯೇ ಇಲ್ಲದ ಗದ್ಯಕಾರನಿಗೆ ದೊರೆತ ಮನ್ನಣೆ, ಸಮಗ್ರ ಕಾವ್ಯವೇ ಅಚ್ಚಾಗಿರುವ ಗಾಯಕನಿಗೆ ಸಲ್ಲದೆಂಬುದು ಯಾವ ನ್ಯಾಯ?

ಇನ್ನೊಂದು ನಿದರ್ಶನ ಕೊಳ್ಳೇಗಾಲಕ್ಕೆ ಸಮೀಪದ್ದು. ಕಾವೇರಿಯ ಆಚೆಯ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಅನೇಕ ವಿಗ್ರಹಗಳ ಪೀಠದ ಮೇಲೆ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರಿದೆ. ಅದೇ ನರಸಿಂಹಾಚಾರ್ಯರು 1917ರಲ್ಲಿ ಈ ದೇವಾಲಯವನ್ನು ಕುರಿತು ಬರೆದ ಗ್ರಂಥದಲ್ಲಿ ಇಲ್ಲಿಯ ಶಿಲ್ಪಿಗಳ ಹೆಸರುಗಳನ್ನು ಎತ್ತಿಹೇಳಿದರು. ಮಲ್ಲಿತಮ್ಮನಿಲ್ಲದ ಹೊಯ್ಸಳ ಕಲೆಯ ಇತಿಹಾಸವನ್ನು ಈಗ ಯಾರೂ ಬರೆಯುವುದಿಲ್ಲ. ಅವನ ಜನ್ಮಸ್ಥಳವನ್ನು ಕೇಳಿ, ಉತ್ತರ ಬರುವವರೆಗೆ ಅವನನ್ನು ಹೊರಗೆ ನಿಲ್ಲಿಸಿದವರೂ ಇಲ್ಲ. ಕೈಬರಹದಿಂದ ಗುರುತಿಸಿದ ಶಿಲ್ಪಿಗೂ ಕಂಠದಿಂದ ಗುರುತಿಸಿದ ಗಾಯಕನಿಗೂ ಮಾನದಂಡ ಬೇರೆಯಾಗಲು ಕಾರಣ ಕಾಣದು.

ಹಾಗಾದರೆ ಮಾದಯ್ಯನವರನ್ನು ಕುರಿತ ಲೇಖನ ಇರತಕ್ಕದ್ದೇ. ಅದು ದೀರ್ಘವಾಗಬೇಕಾಗಿಲ್ಲ. ಹಾಡಿದವರು ಒಬ್ಬರೇ ಅಲ್ಲ, ತಂಡ ಎಂಬುದು ಮೊದಲ ವಾಕ್ಯದಲ್ಲಿಯೇ ಬರಬೇಕು. ಹಿಮ್ಮೇಳವನ್ನು ಮರೆತು ಒಬ್ಬನನ್ನು ಮಹಾಕವಿಯೆಂದು ಎತ್ತಿ ಕೂರಿಸುವುದು ಈ ಕಲೆಯ ಸ್ವರೂಪಕ್ಕೇ ವಿರುದ್ಧ. ಪಠ್ಯದ ಲಕ್ಷಣಗಳನ್ನು ಹೇಳುವಾಗ ಸಂಪಾದಕರ ಮತ್ತು ಅನುವಾದಕರ ಮಾತುಗಳಿಗೆ ಅಂಟಿಕೊಳ್ಳಬೇಕು. 'ಶ್ರೇಷ್ಠ', 'ಅಪ್ರತಿಮ' ಎಂಬ ವಿಶೇಷಣಗಳು ಸನ್ಮಾನಪತ್ರಕ್ಕೆ ಸಲ್ಲುವಂಥವು.

ಈ ತೀರ್ಮಾನವನ್ನು ಎಲ್ಲ ಗಾಯಕರಿಗೂ ವಿಸ್ತರಿಸುವಂತಿಲ್ಲವೆಂಬುದನ್ನೂ ಹೇಳಬೇಕು. ಲೊಕ್ಕನಹಳ್ಳಿಯ ಕಡೆಯಿಂದ ಬಂದ ವಿದ್ಯಾರ್ಥಿ ತನ್ನ ಊರಿನ ದೇವರಗುಡ್ಡನೊಬ್ಬನು ಮಾದಯ್ಯನವರಿಗಿಂತ ಚೆನ್ನಾಗಿ ಹಾಡುತ್ತಾನೆಂದು ಹೇಳಬಹುದು. ಅದು ನಿಜವೂ ಆಗಿರಬಹುದು. ಆದರೆ ಸ್ವಂತ ಶೋಧನೆಯನ್ನು ನೇರವಾಗಿ ಅಲ್ಲಿ ಬರೆಯಲು ವಿಕಿಪೀಡಿಯ ಅವಕಾಶ ಕೊಡುವುದಿಲ್ಲ. ಈ ನಿಯಮವನ್ನು ನಾವು ಟೀಕಿಸುವುದಿಲ್ಲ. ಪ್ರಕಟಣೆಯೆಂಬ ಜರಡಿ ಇಲ್ಲದಿದ್ದರೆ ಊರಿಗೊಬ್ಬ ಮಹಾಕಲಾವಿದ ಹುಟ್ಟಿಕೊಳ್ಳುವುದು ಖಂಡಿತ. ಆ ವಿದ್ಯಾರ್ಥಿ ಹಾಡನ್ನು ಧ್ವನಿಮುದ್ರಿಸಿ, ಹಾಡಿದವರೆಲ್ಲರ ಹೆಸರು, ಊರು, ಗುರುಪರಂಪರೆ, ಹಾಡಿದ ಸಾಲು, ಮುದ್ರಿಸಿದ ದಿನಾಂಕ ಇವನ್ನು ಅವರ ಒಪ್ಪಿಗೆಯಿಂದ ಬರೆದುಕೊಂಡು, ಪಠ್ಯವನ್ನು ಮುದ್ರಿತ ಪಾಠಗಳೊಡನೆ ಹೋಲಿಸಿ, ವಿಭಾಗದ ವಿದ್ವಾಂಸರ ಪರಿಶೀಲನೆಗೆ ಒಪ್ಪಿಸಲಿ. ಅಂಥ ಲೇಖನಗಳಿಗೆ ಈ ಸಂಚಿಕೆಯಂಥ ವಾರ್ಷಿಕಗಳಲ್ಲಿ ಹತ್ತು ಪುಟ ಮೀಸಲಿಡುವುದು ಕಷ್ಟವಲ್ಲ. ವಿಶ್ವಕೋಶದ ಲೇಖನವನ್ನು ಆಮೇಲೆ ಬೇರೆ ಯಾರಾದರೂ ಬರೆಯಬಹುದು.