ಹೊಟ್ಟೆಹುಣ್ಣಿನ ಎರಡು ಕಥೆಗಳು

2004ರಲ್ಲಿ ಅಪ್ಪನಿಗೆ ಹೊಟ್ಟೆಹುಣ್ಣಾಯಿತು. "ತುಂಬಾ ಯೋಚನೆ ಮಾಡ್ತೀರಿ, ಅದಕ್ಕೇ" ಎಂದರು ಡಾಕ್ಟರು. ಮನೆಯಲ್ಲಿ ಖಾರ ಕಡಿಮೆಯಾಗಿ ಮಜ್ಜಿಗೆ ಅನ್ನ ಹೆಚ್ಚಾಯಿತು. ನೋವು ಬಂದಾಗಲೆಲ್ಲ ಅಪ್ಪ ತಪ್ಪು ತಮ್ಮದೇ ಎಂಬಂತೆ ಮುದುಡಿ ಕೂರುತ್ತಿದ್ದರು. ವಿಜ್ಞಾನದ ಚರಿತ್ರೆಯಲ್ಲಿ ಸಂಶೋಧನೆ ಶುರುಮಾಡಿದ ಮೇಲೆ ಆ ಮಾತಿನ ಮೂಲ ಹುಡುಕಿದೆ.

ಅದು ನನ್ನನ್ನು ಮಾಂಟ್ರಿಯಲ್‌ಗೆ ಒಯ್ದಿತು. ಅಲ್ಲಿನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಸೆಲ್ಯೆ ಎಂಬ ತರುಣ ಹೊಸ ಹಾರ್ಮೋನಿನ ಆಸೆಯಿಂದ ಇಲಿಗಳಿಗೆ ಅಂಡಾಶಯದ ಸಾರ ಚುಚ್ಚುತ್ತಿದ್ದ. ಅವುಗಳ ಅಡ್ರಿನಲ್ ಗ್ರಂಥಿ ದಪ್ಪಗಾಯಿತು, ಥೈಮಸ್ ಕುಗ್ಗಿತು, ಜಠರದಲ್ಲಿ ಹುಣ್ಣೆದ್ದಿತು. ಆದರೆ ಫಾರ್ಮಲಿನ್ ಚುಚ್ಚಿದರೂ, ಚಳಿಯಲ್ಲಿಟ್ಟರೂ, ದಣಿಯುವಂತೆ ಓಡಿಸಿದರೂ ಅದೇ ಮೂರು ಲಕ್ಷಣ! ಹೊಸ ಹಾರ್ಮೋನಿನ ಕನಸು ಒಡೆಯಿತು. ಪೆಟ್ಟು ಯಾವುದೇ ಇರಲಿ, ದೇಹ ಕೊಡುವ ಉತ್ತರ ಒಂದೇ ಎಂದು ಆತ 1936ರ ಜುಲೈನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪುಟ್ಟ ಟಿಪ್ಪಣಿ ಬರೆದ. ಮುಂದೆ ಅದೇ 'ಸ್ಟ್ರೆಸ್' ಎಂದು ಜಗತ್ತಿನ ಬಾಯಿಗೆ ಬಂತು. ಲಂಡನ್ ಮೇಲೆ ಬಾಂಬು ಬಿದ್ದ ದಿನಗಳಲ್ಲಿ, ಹುಣ್ಣು ತೂತಾಗಿ ಆಸ್ಪತ್ರೆ ಸೇರುವವರು ಹೆಚ್ಚಾದದ್ದು ಈ ನಂಬಿಕೆಗೆ ಬಲ ಕೊಟ್ಟಿತು.

ಎರಡನೆಯ ಕಥೆ ಆಸ್ಟ್ರೇಲಿಯಾದ ಪರ್ತ್‌ನದು. ಜಠರದ ತುಣುಕುಗಳಲ್ಲಿ ರಾಬಿನ್ ವಾರೆನ್ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡಿದ್ದ. 1982ರಲ್ಲಿ ಬ್ಯಾರಿ ಮಾರ್ಷಲ್ ಜತೆಗೂಡಿ ಅದನ್ನು ಬೆಳೆಸಿದ. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದ. ಹುಣ್ಣಾಗದಿದ್ದರೂ ಜಠರ ಉರಿಯೂತಗೊಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹಾಗಾದರೆ ಸೆಲ್ಯೆ ಸೋತನೇ? ಚರಿತ್ರೆ ಅಷ್ಟು ಸರಳವಲ್ಲ. ಈ ಬ್ಯಾಕ್ಟೀರಿಯಾ ಹೊತ್ತವರಲ್ಲಿ ಹೆಚ್ಚಿನವರಿಗೆ ಹುಣ್ಣಾಗುವುದೇ ಇಲ್ಲ. ಜಠರದ ಒಳಗೋಡೆಯನ್ನು ಅದರದೇ ಆಮ್ಲದಿಂದ ಕಾಯುವುದು ಲೋಳೆಪದರ ಮತ್ತು ರಕ್ತದ ಹರಿವು. ತೀವ್ರ ಸುಟ್ಟಗಾಯವಾದಾಗ ಆ ಹರಿವು ಕುಗ್ಗಿ ಹುಣ್ಣೇಳಬಹುದು. 1995ರ ಕೋಬೆ ಭೂಕಂಪದ ನಂತರವೂ ರಕ್ತ ಒಸರುವ ಹುಣ್ಣುಗಳು ಹೆಚ್ಚಿದವು. ವಿಚಿತ್ರವೆಂದರೆ, ಅಡ್ರಿನಲ್ ಹಾರ್ಮೋನುಗಳು ಜಠರವನ್ನು ಕಾಯಲೂ ಬಲ್ಲವು ಎಂದು ಇಲಿಗಳ ಮೇಲಿನ ಮುಂದಿನ ಪ್ರಯೋಗಗಳು ತೋರಿಸಿದವು. ಸೆಲ್ಯೆ ಕಂಡದ್ದು ಸುಳ್ಳಲ್ಲ. ಇಲಿಯ ಪಾಡನ್ನು ಮನುಷ್ಯನ ಸ್ವಭಾವದ ದೋಷವೆಂದು ಓದಿದ್ದು ತಪ್ಪು.

ಅಪ್ಪನಿಗೆ ಯೋಚನೆ ಬಿಡಲು ಹೇಳಿದಾಗ, ಮಾರ್ಷಲ್ ಬ್ಯಾಕ್ಟೀರಿಯಾ ಕುಡಿದು ಇಪ್ಪತ್ತು ವರ್ಷವಾಗಿತ್ತು. ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ. ಕಳೆದ ವರ್ಷ ಮಾಡಿಸಿದೆವು, ಬ್ಯಾಕ್ಟೀರಿಯಾ ಇತ್ತು. ಎರಡು ವಾರ ಮಾತ್ರೆ ನುಂಗಿದರು. ಈಗ ಊಟಕ್ಕೆ ಉಪ್ಪಿನಕಾಯಿ ಕೇಳುತ್ತಾರೆ. ಯೋಚನೆ ಮಾತ್ರ ಮೊದಲಿನಷ್ಟೇ ಮಾಡುತ್ತಾರೆ.