ಕತ್ತಿನ ಕಪ್ಪು ಕೊಳೆಯಲ್ಲ: ಪಿಸಿಒಎಸ್ ಮತ್ತು ಇನ್ಸುಲಿನ್ ಬಗ್ಗೆ ಫಾರ್ವರ್ಡ್‌ಗಳು ಹೇಳದ ಸಂಗತಿ

"ಕಡಲೆಹಿಟ್ಟು, ನಿಂಬೆರಸ, ಚಿಟಿಕೆ ಅರಿಶಿನ. ವಾರಕ್ಕೆ ಮೂರು ಸಲ ಉಜ್ಜಿ, ಕತ್ತಿನ ಕಪ್ಪು ಮಾಯ!" ಇಂಥ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಹಿಂದೆಯೇ ಇನ್ನೊಂದು: "ಪಿಸಿಒಡಿಗೆ ಔಷಧಿ ಬೇಡ, ಮದುವೆಯಾದರೆ ತಾನಾಗಿ ಸರಿಹೋಗುತ್ತದೆ." ಒಂದು ಸೌಂದರ್ಯದ ಮಾತು, ಇನ್ನೊಂದು ಮುಟ್ಟಿನ ಮಾತು ಎನಿಸುತ್ತದೆ. ಆದರೆ ಹಲವು ಹೆಣ್ಣುಮಕ್ಕಳಲ್ಲಿ ಎರಡಕ್ಕೂ ಬೇರು ಒಂದೇ. ಅದರ ಹೆಸರು ಇನ್ಸುಲಿನ್ ಪ್ರತಿರೋಧ.

ಭದ್ರಾವತಿಯಿಂದ ಶಿವಮೊಗ್ಗದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಮೂರು ತಿಂಗಳಾದರೂ ಮುಟ್ಟಾಗಿಲ್ಲ. ಗಲ್ಲದ ಮೇಲೆ ದಪ್ಪ ಕೂದಲು. ಕತ್ತಿನ ಹಿಂದೆ ಕಪ್ಪಾಗಿದೆ, ಹಾಗಾಗಿ ಸೆಖೆಯಲ್ಲೂ ದುಪಟ್ಟಾ ಸುತ್ತಿಕೊಳ್ಳುತ್ತಾಳೆ. "ಸರಿಯಾಗಿ ಸ್ನಾನ ಮಾಡು" ಎಂದು ಮನೆಯಲ್ಲಿ ಬೈಗುಳ. ಅವಳಿಗೆ ಬೇಕಿರುವುದು ಒಂದು ರಕ್ತಪರೀಕ್ಷೆ. ಅವಳಿಗೆ ಸಿಗುತ್ತಿರುವುದು ಕಡಲೆಹಿಟ್ಟು.

ಪಿಸಿಒಎಸ್ ಎಂದರೇನು?

ಪಿಸಿಒಎಸ್ ಎಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್. ಜನ ಪಿಸಿಒಡಿ ಎಂದು ಕರೆಯುವುದೂ ಸಾಮಾನ್ಯವಾಗಿ ಇದನ್ನೇ. ಮೂರು ಲಕ್ಷಣಗಳನ್ನು ವೈದ್ಯರು ನೋಡುತ್ತಾರೆ: ಅನಿಯಮಿತ ಮುಟ್ಟು, ಪುರುಷ ಹಾರ್ಮೋನು ಹೆಚ್ಚಾಗಿರುವ ಗುರುತು, ಅಂದರೆ ಮುಖದ ಮೇಲೆ ಕೂದಲು, ಹೆಚ್ಚು ಮೊಡವೆ ಅಥವಾ ರಕ್ತಪರೀಕ್ಷೆಯಲ್ಲಿ ಅದರ ಏರಿಕೆ, ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಕೋಶಗಳು. ವಯಸ್ಕರಲ್ಲಿ ಈ ಮೂರರಲ್ಲಿ ಎರಡಿದ್ದು, ಥೈರಾಯ್ಡ್‌ನಂಥ ಬೇರೆ ಕಾರಣಗಳು ಇಲ್ಲವೆಂದು ಖಾತ್ರಿಯಾದರೆ ಪಿಸಿಒಎಸ್ ಎನ್ನುತ್ತಾರೆ. 2003ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ತಜ್ಞರು ಒಪ್ಪಿಕೊಂಡ ಈ ಮಾನದಂಡವೇ ಇಂದಿಗೂ ಆಧಾರ.

ಇಲ್ಲೊಂದು ಎಚ್ಚರಿಕೆ. ಹದಿಹರೆಯದಲ್ಲಿ ಆರೋಗ್ಯವಂತ ಹುಡುಗಿಯರ ಅಂಡಾಶಯವೂ ಸ್ಕ್ಯಾನಿಂಗ್‌ನಲ್ಲಿ ಹೀಗೆಯೇ ಕಾಣಬಹುದು. ಆದ್ದರಿಂದ ಬರೀ ಸ್ಕ್ಯಾನಿಂಗ್ ವರದಿ ನೋಡಿ 16 ವರ್ಷದ ಹುಡುಗಿಗೆ ಪಿಸಿಒಎಸ್ ಎಂದು ಹೇಳಬಾರದು.

ಮಗುವನ್ನು ಹೆರುವ ವಯಸ್ಸಿನ ಮಹಿಳೆಯರಲ್ಲಿ ಶೇ. 10ರಿಂದ 13ರಷ್ಟು ಮಂದಿಗೆ ಪಿಸಿಒಎಸ್ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವರಲ್ಲಿ ಶೇ. 70ರಷ್ಟು ಮಂದಿಗೆ ತಮಗೆ ಇದೆ ಎಂಬುದೇ ತಿಳಿದಿಲ್ಲ ಎಂದೂ ಅದು ಹೇಳುತ್ತದೆ.

ಸಕ್ಕರೆಗೂ ಅಂಡಾಶಯಕ್ಕೂ ಏನು ಸಂಬಂಧ?

ಊಟ ಮಾಡಿದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಇನ್ಸುಲಿನ್ ಬಾಗಿಲು ತಟ್ಟಿದರೆ ಸ್ನಾಯುವಿನ ಜೀವಕೋಶ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇನ್ಸುಲಿನ್ ಪ್ರತಿರೋಧ ಎಂದರೆ ಈ ಬಾಗಿಲು ಸುಲಭಕ್ಕೆ ತೆರೆಯದಿರುವುದು. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿದು ಜೋರಾಗಿ ತಟ್ಟುತ್ತದೆ. ಸಕ್ಕರೆ ಹತೋಟಿಗೆ ಬರುತ್ತದೆ, ಆದರೆ ರಕ್ತದಲ್ಲಿ ಇನ್ಸುಲಿನ್ ಮಟ್ಟ ಏರಿಯೇ ಇರುತ್ತದೆ.

ತೊಂದರೆ ಶುರುವಾಗುವುದು ಇಲ್ಲಿ. ಸ್ನಾಯು ಇನ್ಸುಲಿನ್ ಮಾತು ಕೇಳದಿದ್ದರೂ ಅಂಡಾಶಯ ಕೇಳುತ್ತದೆ. ಹೆಚ್ಚಾದ ಇನ್ಸುಲಿನ್ ಅಂಡಾಶಯಕ್ಕೆ ಟೆಸ್ಟೋಸ್ಟಿರಾನ್‌ನಂಥ ಹಾರ್ಮೋನು ಹೆಚ್ಚು ತಯಾರಿಸಲು ಕುಮ್ಮಕ್ಕು ಕೊಡುತ್ತದೆ. ಆ ಹಾರ್ಮೋನನ್ನು ಹಿಡಿದಿಡುವ ಒಂದು ಪ್ರೋಟೀನು ಯಕೃತ್ತಿನಲ್ಲಿ ತಯಾರಾಗುತ್ತದೆ, ಇನ್ಸುಲಿನ್ ಅದನ್ನು ಕಡಿಮೆ ಮಾಡುತ್ತದೆ. ಅಂಡಕೋಶಗಳು ಬೆಳೆಯುತ್ತಾ ಅರ್ಧದಲ್ಲೇ ನಿಂತುಬಿಡುತ್ತವೆ, ಮುಟ್ಟು ತಪ್ಪುತ್ತದೆ. ಸ್ಕ್ಯಾನಿಂಗ್‌ನಲ್ಲಿ "ಗಡ್ಡೆ" ಎಂದು ಹೆದರಿಸುವುದು ಹೀಗೆ ಅರ್ಧಕ್ಕೆ ನಿಂತ ಕೋಶಗಳನ್ನೇ.

ಕತ್ತು, ಕಂಕುಳಲ್ಲಿ ದಪ್ಪಗೆ ಮಖಮಲ್ಲಿನಂತೆ ಕಪ್ಪಾಗುವುದೂ ಹೆಚ್ಚಾಗಿ ಇನ್ಸುಲಿನ್ನಿನ ಕೆಲಸವೇ. ಅದು ಚರ್ಮದ ಕೋಶಗಳನ್ನು ಅತಿಯಾಗಿ ಬೆಳೆಸುತ್ತದೆ. ಉಜ್ಜಿದರೆ ಹೋಗುವುದಿಲ್ಲ, ಚರ್ಮ ಕೆರಳುತ್ತದೆ ಅಷ್ಟೇ.

ಫಾರ್ವರ್ಡ್ ಹೇಳುವುದೇನು, ನಿಜವೇನು?

*"ಮದುವೆಯಾದರೆ, ಮಗುವಾದರೆ ಸರಿಹೋಗುತ್ತದೆ."* ತಪ್ಪು. ಮದುವೆಗೆ ಇನ್ಸುಲಿನ್ ಪ್ರತಿರೋಧವನ್ನು ಕಡಿಮೆ ಮಾಡುವ ಶಕ್ತಿ ಇಲ್ಲ. ಪಿಸಿಒಎಸ್ ಇರುವವರಿಗೆ ಗರ್ಭಿಣಿಯಾದಾಗ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು, ಮುಂದೆ ಟೈಪ್ 2 ಮಧುಮೇಹದ ಸಾಧ್ಯತೆಯೂ ಹೆಚ್ಚು. "ಮದುವೆಯಾಗಲಿ, ನೋಡೋಣ" ಎಂದು ಕಳೆಯುವ ಐದಾರು ವರ್ಷಗಳೇ ಅದನ್ನು ತಡೆಯಬಹುದಾದ ವರ್ಷಗಳು.

*"ದಪ್ಪಗಿದ್ದವರಿಗೆ ಮಾತ್ರ ಬರುತ್ತದೆ."* ತಪ್ಪು. ಇನ್ಸುಲಿನ್ ಪ್ರತಿರೋಧವನ್ನು ಅತಿ ನಿಖರವಾಗಿ ಅಳೆಯುವ ವಿಧಾನ ಬಳಸಿ ಆಸ್ಟ್ರೇಲಿಯಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿಸಿಒಎಸ್ ಇದ್ದ ತೆಳ್ಳಗಿನ ಮಹಿಳೆಯರಲ್ಲೂ ಶೇ. 75ರಷ್ಟು ಮಂದಿಗೆ ಅದು ಕಂಡುಬಂತು. ತೂಕ ಹೆಚ್ಚಿದ್ದವರಲ್ಲಿ ಪ್ರಮಾಣ ಶೇ. 95. ತೂಕ ಏರಿದರೆ ಪ್ರತಿರೋಧ ಹೆಚ್ಚುತ್ತದೆ ನಿಜ, ಆದರೆ ತೆಳ್ಳಗಿದ್ದೇನೆ ಎಂದು ಪರೀಕ್ಷೆ ಬಿಡುವಂತಿಲ್ಲ.

*"ಮೆಟ್‌ಫಾರ್ಮಿನ್ ಶುಗರ್ ಮಾತ್ರೆ, ತಿಂದರೆ ಶುಗರ್ ಬರುತ್ತದೆ."* ತಪ್ಪು. ದೇಹ ಇನ್ಸುಲಿನ್ ಮಾತು ಕೇಳುವಂತೆ ಮಾಡಲು ನೆರವಾಗುವ ಮಾತ್ರೆ ಅದು. ಶುರುವಿನಲ್ಲಿ ಹೊಟ್ಟೆ ಕೆಡಬಹುದು, ಹಾಗಾಗಿ ಕಡಿಮೆ ಪ್ರಮಾಣದಿಂದ ಆರಂಭಿಸಿ ಊಟದ ಜೊತೆ ಕೊಡುತ್ತಾರೆ. ಬಹಳ ವರ್ಷ ತೆಗೆದುಕೊಂಡರೆ ಬಿ12 ವಿಟಮಿನ್ ತಗ್ಗಬಹುದು. ಎಲ್ಲರಿಗೂ ಇದು ಬೇಕಿಲ್ಲ. ಆದರೆ ವೈದ್ಯರು ಬರೆದುಕೊಟ್ಟಿದ್ದನ್ನು ಫಾರ್ವರ್ಡ್ ನೋಡಿ ನಿಲ್ಲಿಸಬೇಡಿ.

*"ಹಾರ್ಮೋನು ಮಾತ್ರೆ ತಿಂದರೆ ಮಕ್ಕಳಾಗುವುದಿಲ್ಲ."* ತಪ್ಪು. ಮುಟ್ಟು ಕ್ರಮಕ್ಕೆ ಬರಲು ಕೊಡುವ ಮಾತ್ರೆಗಳು ಬಂಜೆತನ ತರುವುದಿಲ್ಲ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಅದು ಅಪಾಯ. 90 ದಿನ ದಾಟಿದರೆ ವೈದ್ಯರನ್ನು ಕಾಣಲೇಬೇಕು.

*"ಏಳು ದಿನ ಮೆಂತ್ಯದ ನೀರು ಕುಡಿದರೆ ಪಿಸಿಒಡಿ ಮಾಯ."* ಆಧಾರವಿಲ್ಲ. ಮೆಂತ್ಯ ಒಳ್ಳೆಯ ಆಹಾರ, ಅಡುಗೆಯಲ್ಲಿ ಬಳಸಿ. ಏಳು ದಿನಗಳಲ್ಲಿ ಪಿಸಿಒಎಸ್ ಗುಣಪಡಿಸುವ ವಸ್ತು ಯಾವುದೂ ಇಲ್ಲ.

ಯಾವ ಪರೀಕ್ಷೆ ಬೇಕು, ಯಾವುದು ಬೇಡ?

ಪಿಸಿಒಎಸ್ ಎಂದು ಗೊತ್ತಾದ ಎಲ್ಲರಿಗೂ ಆಗಲೇ ರಕ್ತದ ಸಕ್ಕರೆ ನೋಡಬೇಕು, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಮತ್ತೆ ನೋಡಬೇಕು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಇದಕ್ಕೆ ಹೆಚ್ಚು ನಿಖರವಾದದ್ದು ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಕಳೆದ ಮೇಲೆ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಎರಡು ಗಂಟೆಯ ಮಟ್ಟ 140ಕ್ಕಿಂತ ಕಡಿಮೆ ಇದ್ದರೆ ಸಹಜ. 140ರಿಂದ 199 ಇದ್ದರೆ ಮಧುಮೇಹದ ಹೊಸ್ತಿಲು. 200 ಅಥವಾ ಹೆಚ್ಚಿದ್ದರೆ ಮಧುಮೇಹದ ಸೂಚನೆ. ಖಾಲಿ ಹೊಟ್ಟೆಯ ಸಕ್ಕರೆ ಸರಿಯಿದ್ದೂ ಎರಡು ಗಂಟೆಯದು ಏರಿರಬಹುದು, ಆದ್ದರಿಂದ ಎರಡನ್ನೂ ಮಾಡಿಸುವುದು ಮುಖ್ಯ.

ಬೇಡದ್ದು ಯಾವುದು? ಪ್ಯಾಕೇಜ್‌ಗಳಲ್ಲಿ ಬರುವ "ಫಾಸ್ಟಿಂಗ್ ಇನ್ಸುಲಿನ್" ಮತ್ತು "ಹೋಮಾ" ಲೆಕ್ಕ. ದಿನನಿತ್ಯದ ಚಿಕಿತ್ಸೆಯಲ್ಲಿ ಇವು ಅಷ್ಟು ನಂಬಿಕಸ್ಥವಲ್ಲ, ಮಾಡಿಸಬೇಕಿಲ್ಲ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಆ ದುಡ್ಡು ಉಳಿಸಿ. ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ನೋಡಿಸಿ.

ಭದ್ರಾವತಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆ ಇದೆ. ಪರೀಕ್ಷೆಯ ದಿನ ಬಸ್ ಹತ್ತುವ ಮುನ್ನ ಕಾಫಿಯೂ ಬೇಡ, ನೀರು ಮಾತ್ರ. ಹಿಂದಿನ ಮೂರು ದಿನ ಎಂದಿನಂತೆ ಊಟ ಮಾಡಿರಿ, ಉಪವಾಸ ಬೇಡ. ಪರೀಕ್ಷೆ ಮುಗಿದ ಮೇಲೆ ತಿನ್ನಲು ಡಬ್ಬಿಯಲ್ಲಿ ತಿಂಡಿ ಒಯ್ಯಿರಿ. ಮದುವೆಯಾಗದ ಹುಡುಗಿ ಸ್ತ್ರೀರೋಗ ವಿಭಾಗಕ್ಕೆ ಹೋದರೆ "ಯಾರಾದರೂ ನೋಡಿದರೆ?" ಎಂಬ ಅಂಜಿಕೆ ನಮಗೂ ಗೊತ್ತು. ಅಮ್ಮನೋ ಅಕ್ಕನೋ ಜೊತೆಗೆ ಹೋದರೆ ಆ ಅಂಜಿಕೆ ಅರ್ಧ ಇಳಿಯುತ್ತದೆ.

ಅನ್ನ ಬಿಡಬೇಕೇ?

ಮಲೆನಾಡಿನಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ಸಂಜೆ ಮಂಡಕ್ಕಿ, ರಾತ್ರಿ ಮತ್ತೆ ಅನ್ನ. "ಅನ್ನ ಮುಟ್ಟಬೇಡಿ" ಎನ್ನುವ ಸಲಹೆ ಇಲ್ಲಿ ನಾಲ್ಕು ದಿನವೂ ನಡೆಯುವುದಿಲ್ಲ. ಪಿಸಿಒಎಸ್‌ಗೆ ಇಂಥದ್ದೇ ಪಥ್ಯ ಶ್ರೇಷ್ಠ ಎಂಬುದಕ್ಕೆ ಪುರಾವೆಯೂ ಇಲ್ಲ. ತಟ್ಟೆಯಲ್ಲಿ ಅನ್ನವನ್ನು ಸ್ವಲ್ಪ ತಗ್ಗಿಸಿ. ಕಾಳು, ಸೊಪ್ಪು, ಮೊಸರು, ಮೊಟ್ಟೆ ಅಥವಾ ಮೀನನ್ನು ಹೆಚ್ಚಿಸಿ. ಅದು ಸಾಕಷ್ಟು ದೂರ ಒಯ್ಯುತ್ತದೆ.

ಎಲ್ಲಕ್ಕಿಂತ ಅಗ್ಗದ ಔಷಧಿ ನಡಿಗೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ಆಟೋ ಬದಲು ನಡೆದರೆ ಅದೂ ಲೆಕ್ಕಕ್ಕೆ ಬರುತ್ತದೆ. ತೂಕ ಹೆಚ್ಚಿರುವವರಲ್ಲಿ ಶೇ. 5ರಷ್ಟು ಇಳಿದರೂ ಉಪಯೋಗ ಕಾಣುತ್ತದೆ. ತೂಕ ಇಳಿಯದಿದ್ದರೂ ವ್ಯಾಯಾಮದ ಲಾಭ ತಪ್ಪುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಪಿಸಿಒಎಸ್ ಯಾರ ಸೋಮಾರಿತನದಿಂದಲೂ ಬರುವುದಿಲ್ಲ, ಕೊಳಕಿನಿಂದಲೂ ಬರುವುದಿಲ್ಲ. ಪೂರ್ತಿ ವಾಸಿಯಾಗುವ ಮದ್ದು ಇನ್ನೂ ಇಲ್ಲ, ಆದರೆ ಹತೋಟಿಯಲ್ಲಿ ಇಡಬಹುದು, ಮಕ್ಕಳೂ ಆಗುತ್ತವೆ. ಮುಂದಿನ ಸಲ ಕಡಲೆಹಿಟ್ಟಿನ ಸಂದೇಶ ಬಂದಾಗ ಅದನ್ನು ಮುಂದಕ್ಕೆ ತಳ್ಳುವ ಬದಲು, ಮನೆಯ ಹುಡುಗಿಯನ್ನು ಒಂದು ಮಾತು ಕೇಳಿ: "ಮುಟ್ಟು ಸರಿಯಾಗಿ ಆಗುತ್ತಿದೆಯಾ?" ಇಲ್ಲ ಎಂದರೆ ಬೈಯಬೇಡಿ. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಅವಳ ಜೊತೆ ಆಸ್ಪತ್ರೆಗೆ ಹೋಗಿ.