ಸೂಲಗಿತ್ತಿಯ ಕೈ, ಆಶಾಳ ಫೋನು

ಹಾಲ್ಕುರಿಕೆ ಕಡೆಯ ತೆಂಗಿನ ತೋಟಗಳಲ್ಲಿ ಕಾಯಿ ಸುಲಿಯುವ ನಮ್ಮ ಜನ, ಜ್ವರ ಬಂದರೆ ಮೊದಲು ಲೆಕ್ಕ ಹಾಕೋದು ಕೂಲಿಯನ್ನು. ತಿಪಟೂರಿಗೆ ಹೋದರೆ ಒಂದು ದಿನದ ಕೂಲಿ ಹೋಯ್ತು. ತುಮಕೂರು, ಬೆಂಗಳೂರು ಅಂದರೆ ಸಾಲ. ಈಗ ಡಾಕ್ಟರೇ ಫೋನಿನೊಳಗೆ ಊರಿಗೆ ಬರ್ತಾರೆ ಅಂತಾರೆ. ಬರಲಿ, ಬೇಡ ಅನ್ನೋರು ನಾವಲ್ಲ. ಆದರೆ ಆ ಡಾಕ್ಟರಿಗೂ ನಮ್ಮ ಕೇರಿಗೂ ನಡುವೆ ನಿಂತವಳು ಯಾರು? ಅವಳ ಚರಿತ್ರೆಯನ್ನು ಯಾರೂ ಬರೆಯಲಿಲ್ಲ.

ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಕ್ಷರ ಕಲಿತವರಲ್ಲ. ಅಜ್ಜಿ ಮರಿಗೆಮ್ಮನೇ ಅವರಿಗೆ ಕಾಲೇಜು. ಕೂಲಿನಾಲಿ ಮಾಡಿಕೊಂಡೇ, ಕಾಸು ಕೇಳದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಒಬ್ಬರಿಗೆ ಪದಕ ಸಿಕ್ಕಿತು, ಸಂತೋಷ. ಊರೂರಲ್ಲಿ ಹೊಕ್ಕುಳಬಳ್ಳಿ ಕುಯ್ದ ಉಳಿದ ಕೈಗಳಿಗೆ ಸಿಕ್ಕಿದ್ದು ಮೊರದ ತುಂಬ ಅಕ್ಕಿ, ಮೇಲೆ ಮೈಲಿಗೆ ಅನ್ನೋ ಮಾತು. ಅವರ ತಿಳಿವನ್ನು ವಿದ್ಯೆ ಅಂತ ಯಾರೂ ಕರೆಯಲಿಲ್ಲ.

2002ರಲ್ಲಿ ಇಸ್ರೋದವರು ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದರು. ದೊಡ್ಡ ಕೆಲಸವೇ. ಆದರೆ ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹಾಕಿದ ದಾರಿ. ಜಿಲ್ಲಾ ಆಸ್ಪತ್ರೆ ತನಕ ಸವೆಯೋದು ರೋಗಿಯ ಕಾಲೇ.

ಕೇರಿಯ ತನಕ ಬಂದವಳು ಆಶಾ. 2005ರ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನಕ್ಕೆ ಒಬ್ಬಳು ಅಂತ ನೇಮಿಸಿತು. ಮೊದಲ ವರ್ಷ 23 ದಿನದ ತರಬೇತಿ. ಹೆಸರು ಕಾರ್ಯಕರ್ತೆ, ನೌಕರಳು ಅಲ್ಲ. ಸಂಬಳ ಅಲ್ಲ, ಪ್ರೋತ್ಸಾಹಧನ. 2019ರ ನವೆಂಬರಿನಲ್ಲಿ ಇ-ಸಂಜೀವಿನಿ ಶುರುವಾಯ್ತು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಕೂರಿಸಿ ದೂರದ ಡಾಕ್ಟರಿಗೆ ತೋರಿಸ್ತಾರೆ. ಆ ರೋಗಿಗೆ ಧೈರ್ಯ ಹೇಳಿ ಮನೆಯಿಂದ ಎಬ್ಬಿಸಿ ತರೋಳು ಆಶಾ.

ಪಕ್ಕದ ತುರುವೇಕೆರೆಯಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಕಾಯಿಲೆಯವರಿಗೆ ಊರ ಹತ್ತಿರವೇ ಚಿಕಿತ್ಸೆ ಕೊಡುವ ಕೆಲಸ ಮಾಡಿದ್ದಾರೆ. ಮಾತ್ರೆ ಬರೆಯೋದು ತಜ್ಞರು, ಸರಿ. ಮಾತ್ರೆ ನಿಂತಿದೆ, ಮಗ ಮೂರು ದಿನದಿಂದ ನಿದ್ದೆ ಮಾಡಿಲ್ಲ ಅನ್ನೋದು ಯಾವ ಪರದೆಯಲ್ಲಿ ಕಾಣ್ತದೆ? ಮನೆ ಬಾಗಿಲಿಗೆ ಹೋಗೋಳಿಗೆ ಮಾತ್ರ ಕಾಣ್ತದೆ.

ಆ ಹೆಂಗಸಿನ ಫೋನು ಮಾತ್ರ ಅವಳ ಮೇಲೇ ಕಾವಲಿಗೆ ನಿಂತಿದೆ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಏರದಿದ್ದರೆ ಹಣ ಇಲ್ಲ ಅನ್ನೋದು ಕರ್ನಾಟಕದ ಆಶಾಗಳ ಹಳೆಯ ದೂರು. ಕೊರೋನಾ ಕಾಲದಲ್ಲಿ ಮನೆಮನೆ ತಿರುಗಿದ ಇವರೇ 2020ರ ಜುಲೈಯಲ್ಲಿ 12,000 ರೂಪಾಯಿ ಕೊಡಿ ಅಂತ ಮುಷ್ಕರ ಹೂಡಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿದ ಮೇಲೆ 10,000ದ ಭರವಸೆ ಸಿಕ್ಕಿತು. ಸೂಲಗಿತ್ತಿಗೆ ಮೊರದಕ್ಕಿ, ಆಶಾಳಿಗೆ ಭರವಸೆ!

ಗೆಳೆಯರೆ, ಮೇಲಿನವರು ಹೇಳೋದು, ಕೆಳಗಿನವರು ತಲೆಯಾಡಿಸೋದು ತರಬೇತಿ ಅಲ್ಲ. ಡಾಕ್ಟರು ಅವಳಿಗೆ ಕಲಿಸಲಿ, ಅವಳಿಂದ ಕಲಿಯಲಿ. ಫೋನಿನಲ್ಲಿ ಡಾಕ್ಟರ ಮುಖ ಕಾಣೋ ಹಾಗೆ, ಸರ್ಕಾರದ ಸಂಬಳದ ಪಟ್ಟಿಯಲ್ಲಿ ಅವಳ ಹೆಸರೂ ಕಾಣಬೇಕು.